ನೋಡುವ ದಿನ ಬೇರೆ, ಓಡುವ ದಿನ ಬೇರೆ

ಊರೂರು ಸುತ್ತಿ ಮ್ಯಾರಥಾನ್ ಓಡುವುದು, ಹೋದ ಕಡೆಯಲ್ಲೆಲ್ಲ ನೋಡತಕ್ಕದ್ದನ್ನು ನೋಡಿಕೊಂಡು ಬರುವುದು ಈಗ ಅನೇಕರಿಗೆ ಒಲಿದಿರುವ ಹವ್ಯಾಸ. ರಜೆ ಒಂದೇ, ಪ್ರಯಾಣದ ಖರ್ಚು ಒಂದೇ, ಲಾಭ ಮಾತ್ರ ಎರಡು ಎಂಬುದು ಇದರ ಹಿಂದಿನ ಲೆಕ್ಕಾಚಾರ. ಕ್ರೀಡಾ ವೈದ್ಯನಾಗಿ ಈ ಲೆಕ್ಕವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಓಟ ಮುಗಿಸಿ ಬಂದು, "ತರಬೇತಿ ಎಲ್ಲ ಸರಿಯಾಗಿಯೇ ಆಗಿತ್ತು ಡಾಕ್ಟರೇ, ಮೂವತ್ತನೇ ಕಿಲೋಮೀಟರಿಗೆ ಕಾಲೇ ಏಳಲಿಲ್ಲ" ಎನ್ನುವವರನ್ನು ನಾನು ಮೊದಲು ಕೇಳುವುದು, ಓಟದ ಹಿಂದಿನ ಎರಡು ದಿನ ಅವರು ಎಲ್ಲೆಲ್ಲಿ ತಿರುಗಾಡಿದ್ದರು ಎಂದು.

ಉತ್ತರ ಸಾಮಾನ್ಯವಾಗಿ ಅವರ ಕೈಗಡಿಯಾರದಲ್ಲೇ ಇರುತ್ತದೆ. ಇತ್ತೀಚೆಗೆ ಬಂದಿದ್ದ ಮಹಿಳೆಯೊಬ್ಬರು ಮೊಬೈಲಿನಲ್ಲಿ ಹೆಜ್ಜೆಗಳ ದಾಖಲೆಯನ್ನು ತೆರೆದು ತೋರಿಸಿದರು. ಎರಡು ವಾರಗಳ ಕಂಬಗಳು ದಿನದಿಂದ ದಿನಕ್ಕೆ ಕುಗ್ಗುತ್ತ ಬಂದಿದ್ದವು; ಓಟದ ಹಿಂದಿನ ದಿನದ ಕಂಬ ಮಾತ್ರ ಪಕ್ಕದವನ್ನೆಲ್ಲ ಕುಳ್ಳಗಾಗಿಸಿ ಇಪ್ಪತ್ತೆಂಟು ಸಾವಿರ ಹೆಜ್ಜೆಗಳವರೆಗೆ ಏರಿತ್ತು. ಬೆಳಿಗ್ಗೆ ಓಟಕ್ಕೆ ಮುನ್ನ ನಡೆಯುವ ಮೇಳವಾದ ಎಕ್ಸ್‌ಪೋದಲ್ಲಿ ಬಿಬ್ (ಓಟಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಸಂಖ್ಯೆಯ ಚೀಟಿ) ಪಡೆಯಲು ಸರತಿ, ಅಲ್ಲಿಂದ ಅರಮನೆ, ಮಧ್ಯಾಹ್ನ ವಸ್ತುಸಂಗ್ರಹಾಲಯ, ಸಂಜೆ ಸೂರ್ಯಾಸ್ತ ನೋಡಲು ಒಂದು ಗುಡ್ಡ. ಒಟ್ಟು ಹೆಚ್ಚುಕಡಿಮೆ ಇಪ್ಪತ್ತು ಕಿಲೋಮೀಟರ್. "ಅದು ಬರೀ ನಡೆದದ್ದು, ಓಡಿದ್ದಲ್ಲವಲ್ಲ" ಎಂದರು. ಈ ವಾದದಲ್ಲಿ ಸ್ವಲ್ಪ ಹುರುಳಿದೆ, ಆದ್ದರಿಂದಲೇ ಅದು ಅಪಾಯಕಾರಿ.

ಮ್ಯಾರಥಾನ್‌ಗೆ ಮುನ್ನ ಎರಡು ಮೂರು ವಾರ ಓಟದ ದೂರವನ್ನು ಅರ್ಧದಷ್ಟು ತಗ್ಗಿಸಿ, ವೇಗವನ್ನು ಮಾತ್ರ ಉಳಿಸಿಕೊಳ್ಳುವ ಕ್ರಮಕ್ಕೆ ಟೇಪರ್ ಎನ್ನುತ್ತೇವೆ. ತಿಂಗಳುಗಟ್ಟಲೆ ದಣಿದ ಸ್ನಾಯುಗಳು ಈ ಅವಧಿಯಲ್ಲಿ ರಿಪೇರಿಯಾಗುತ್ತವೆ, ಮತ್ತು ದೇಹ ತನ್ನ ಶಕ್ತಿಯ ದಾಸ್ತಾನಾದ ಗ್ಲೈಕೋಜನ್ನನ್ನು ತುಂಬಿಕೊಳ್ಳುತ್ತದೆ. ಸ್ನಾಯು ಮತ್ತು ಯಕೃತ್ತು ಸೇರಿ ಇದರ ಒಟ್ಟು ಸಂಗ್ರಹ ಸುಮಾರು 500 ಗ್ರಾಂ. ನಿಧಾನವಾದ ನಡಿಗೆ ಹೆಚ್ಚಾಗಿ ಕೊಬ್ಬನ್ನೇ ಉರಿಸುವುದರಿಂದ, ಒಂದು ದಿನದ ಸುತ್ತಾಟಕ್ಕೆ ಈ ಸಂಗ್ರಹ ಬರಿದಾಗುವುದಿಲ್ಲ. ಅಷ್ಟರ ಮಟ್ಟಿಗೆ ಆ ಮಹಿಳೆಯ ಮಾತು ಸರಿ. ನಷ್ಟವಾಗುವುದು ಬೇರೆ ಕಡೆ. ಓಟಕ್ಕೆ ಮುಂಚಿನ ಒಂದೂವರೆ ಎರಡು ದಿನ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10ರಿಂದ 12 ಗ್ರಾಂ ಕಾರ್ಬೊಹೈಡ್ರೇಟ್ ತಿನ್ನಬೇಕೆಂಬುದು ಈಗ ಒಪ್ಪಿತವಾದ ಸಲಹೆ. ಅರವತ್ತು ಕಿಲೋ ತೂಗುವವರಿಗೆ ಇದು 600 ಗ್ರಾಮಿಗೂ ಹೆಚ್ಚು, ಅಂದರೆ ದಿನವಿಡೀ ಆಗಾಗ ಕುಳಿತು ತಿನ್ನುತ್ತಲೇ ಇರಬೇಕಾದ ಪ್ರಮಾಣ. ಪ್ರವೇಶದ ಸಮಯ ಮೀರೀತೆಂದು ಮಧ್ಯಾಹ್ನದ ಊಟವನ್ನು ಬಿಸ್ಕತ್ತಿನಲ್ಲಿ ಮುಗಿಸುವ ಪ್ರವಾಸಿಗೆ ಇದು ಆಗದ ಮಾತು. ದಾಸ್ತಾನು ತುಂಬಬೇಕಾದ ದಿನವೇ ಅದು ತುಂಬದೆ ಉಳಿಯುತ್ತದೆ.

ಇನ್ನೊಂದು ನಷ್ಟ ನಿಲ್ಲುವುದರಿಂದ ಆಗುವಂಥದ್ದು. ವಸ್ತುಸಂಗ್ರಹಾಲಯದಲ್ಲಿ ನಾವು ನಡೆಯುವುದಕ್ಕಿಂತ ಹೆಚ್ಚಾಗಿ ಗಟ್ಟಿ ನೆಲದ ಮೇಲೆ ನಿಲ್ಲುತ್ತೇವೆ; ಎರಡು ಹೆಜ್ಜೆ, ಮತ್ತೆ ನಿಲುಗಡೆ. ಹೀಗೆ ನಿಂತಾಗ ಮೀನಖಂಡದ ಸ್ನಾಯುಗಳು ರಕ್ತವನ್ನು ಮೇಲಕ್ಕೆ ತಳ್ಳುವ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ, ಪಾದ ಊದಿಕೊಳ್ಳುತ್ತದೆ, ಸೊಂಟ ಬಿಗಿಯುತ್ತದೆ. ಜೊತೆಗೆ ಪ್ರವಾಸಕ್ಕೆಂದು ತಂದ ಚಪ್ಪಲಿಯೋ ಹೊಸ ಬೂಟೋ ಹಿಮ್ಮಡಿಯಲ್ಲಿ ಒಂದು ಸಣ್ಣ ಗುಳ್ಳೆ ಎಬ್ಬಿಸಿದರೆ, ಮರುದಿನದ 42.195 ಕಿಲೋಮೀಟರ್ ಪೂರ್ತಿ ಅದರ ಲೆಕ್ಕ ಕೊಡಬೇಕಾಗುತ್ತದೆ.

ಹಾಗೆಂದು ಓಟಕ್ಕೆ ಮುನ್ನ ಹೋಟೆಲ್ ಕೋಣೆಯಲ್ಲೇ ಬಿದ್ದುಕೊಂಡಿರಬೇಕೆಂದಲ್ಲ. ಕುಳಿತು ನೋಡಬಹುದಾದ್ದನ್ನೆಲ್ಲ ಆ ದಿನಗಳಿಗೆ ಇಟ್ಟುಕೊಳ್ಳಿ: ದೋಣಿ ಸಂಚಾರ, ಊರು ತೋರಿಸುವ ಬಸ್ಸು, ಸಂಜೆಯ ಒಂದು ಸಂಗೀತ ಕಛೇರಿ. ಬಿಬ್ ಪಡೆಯುವ ಕೆಲಸವನ್ನು ಕೊನೆಯ ದಿನಕ್ಕೆ ಉಳಿಸದೆ ಎಕ್ಸ್‌ಪೋದ ಮೊದಲ ದಿನವೇ ಮುಗಿಸಿ. ಓಟದ ಎರಡು ದಿನ ಮೊದಲು ಬೆಳಗಿನ ಜಾವ ಇಪ್ಪತ್ತು ಮೂವತ್ತು ನಿಮಿಷ ಹಗುರವಾಗಿ ಓಡಿದರೆ ಕಾಲು ಬಿಡಿಸಿಕೊಳ್ಳುತ್ತದೆ. ಜನಜಂಗುಳಿ ಬರುವ ಮೊದಲು ಊರಿನ ಹಳೆಯ ಬೀದಿಗಳನ್ನು ನೋಡಿದಂತೆಯೂ ಆಗುತ್ತದೆ. ನನ್ನನ್ನು ಕೇಳಿದರೆ, ಪ್ರವಾಸದ ಅತ್ಯುತ್ತಮ ಅರ್ಧ ಗಂಟೆ ಅದೇ.

ಓಟದ ದಾರಿಯೇ ಒಂದು ದರ್ಶನ ಎಂಬುದನ್ನು ಹಲವರು ಮರೆಯುತ್ತಾರೆ. ನ್ಯೂಯಾರ್ಕ್ ಮ್ಯಾರಥಾನ್ 1970ರಲ್ಲಿ ಸೆಂಟ್ರಲ್ ಪಾರ್ಕಿನೊಳಗೆ ಸುತ್ತು ಹೊಡೆಯುವ ಸಣ್ಣ ಸ್ಪರ್ಧೆಯಾಗಿ ಶುರುವಾಯಿತು. 1976ರಿಂದ ಅದು ನಗರದ ಐದೂ ವಿಭಾಗಗಳನ್ನು ಹಾಯುತ್ತದೆ. ಅಥೆನ್ಸ್‌ನದು ಮ್ಯಾರಥಾನ್ ಎಂಬ ಊರಿನಿಂದಲೇ ಹೊರಟು ಅಮೃತಶಿಲೆಯ ಹಳೆಯ ಕ್ರೀಡಾಂಗಣದಲ್ಲಿ ಕೊನೆಗೊಳ್ಳುತ್ತದೆ. ಇಂತಹ ದಾರಿಗಳಲ್ಲಿ ಓಡುತ್ತ ಕಂಡದ್ದನ್ನು ಹಿಂದಿನ ದಿನವೇ ನಡೆದು ನೋಡಬೇಕಾದ ಅಗತ್ಯವಿಲ್ಲ. ಆದರೆ ದಾರಿಯ ಏರಿಳಿತವನ್ನು ನಕ್ಷೆಯಲ್ಲಿ ಓದಿಕೊಳ್ಳದೆ ಹೋಗಬಾರದು. ಅಥೆನ್ಸ್‌ನ ದಾರಿ ಹತ್ತನೇ ಕಿಲೋಮೀಟರಿನಿಂದ ಮೂವತ್ತರ ಆಚೆಯವರೆಗೆ ಬಹುಪಾಲು ಏರುತ್ತಲೇ ಹೋಗುತ್ತದೆ. 1897ರಿಂದ ನಡೆದುಬಂದಿರುವ ಬಾಸ್ಟನ್ ಓಟ ಇದಕ್ಕೆ ತದ್ವಿರುದ್ಧ: ಹಾಪ್ಕಿಂಟನ್‌ನಿಂದ ಬಾಸ್ಟನ್‌ವರೆಗೆ ಒಟ್ಟು ಸುಮಾರು 140 ಮೀಟರ್ ಇಳಿಜಾರು. ಇಳಿಜಾರಿನಲ್ಲಿ ಓಡುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು, ಮತ್ತು ಸ್ನಾಯುವಿನ ಎಳೆಗಳು ಅತಿ ಹೆಚ್ಚು ಹರಿಯುವುದು ಈ ಬಗೆಯ ಕೆಲಸದಲ್ಲೇ. ಮೊದಲರ್ಧದ ಇಳಿಜಾರನ್ನು ಸುಲಭವೆಂದು ಬಗೆದು ವೇಗವಾಗಿ ಓಡಿದವರು 26ನೇ ಕಿಲೋಮೀಟರಿನ ಸುಮಾರಿಗೆ ಆರಂಭವಾಗುವ ನ್ಯೂಟನ್ ದಿಬ್ಬಗಳಲ್ಲಿ ಕುಸಿಯುವುದಕ್ಕೆ ಕಾರಣ ಇದು.

ಭೂಗೋಳ ಬದಲಾದಂತೆ ದೇಹದ ಶರೀರಕ್ರಿಯೆಯೂ ಬದಲಾಗುತ್ತದೆ ಎಂಬುದಕ್ಕೆ ಒಲಿಂಪಿಕ್ಸ್‌ನದೇ ಸಾಕ್ಷ್ಯವಿದೆ. 1964ರಲ್ಲಿ ಟೋಕಿಯೊದಲ್ಲಿ ಅಬೆಬೆ ಬಿಕಿಲಾ ಮ್ಯಾರಥಾನನ್ನು 2 ಗಂಟೆ 12 ನಿಮಿಷಗಳಲ್ಲಿ ಗೆದ್ದರು. ನಾಲ್ಕು ವರ್ಷಗಳ ನಂತರ, ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದ ಮೆಕ್ಸಿಕೊ ನಗರದಲ್ಲಿ ಗೆದ್ದ ಮಾಮೊ ವೋಲ್ಡೆಗೆ 2 ಗಂಟೆ 20 ನಿಮಿಷ ಬೇಕಾಯಿತು. ಇಬ್ಬರೂ ಇಥಿಯೋಪಿಯಾದವರು, ಎತ್ತರದ ಗಾಳಿಗೆ ಒಗ್ಗಿದವರು. ಬಯಲಿನಿಂದ ಹೋಗುವ ನಮ್ಮ ನಿಮ್ಮಂಥವರು ಅಲ್ಲಿ ಮನೆಯ ವೇಗವನ್ನೇ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ. 2,500 ಮೀಟರ್ ದಾಟಿದರೆ ಪ್ರಶ್ನೆ ವೇಗದ್ದಾಗಿ ಉಳಿಯುವುದಿಲ್ಲ, ಆರೋಗ್ಯದ್ದಾಗುತ್ತದೆ. ಲೇಹ್‌ನಂತಹ 3,500 ಮೀಟರ್ ಎತ್ತರದ ಊರಿಗೆ ವಿಮಾನದಲ್ಲಿ ಇಳಿದು ಮರುದಿನವೇ ಕಾರಿನಲ್ಲಿ ಇನ್ನೂ ಎತ್ತರದ ಕಣಿವೆದಾರಿ ನೋಡಲು ಹೊರಡುವವರಿದ್ದಾರೆ. ತಲೆನೋವು, ವಾಕರಿಕೆ, ನಿದ್ದೆಗೇಡುಗಳಿಂದ ಶುರುವಾಗುವ ಪರ್ವತ ಕಾಯಿಲೆ ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುವ ಹಂತ ಮುಟ್ಟಬಲ್ಲದು. 3,000 ಮೀಟರ್ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ಇಂತಹ ಊರಿನಲ್ಲಿ ಮಾತ್ರ ನನ್ನ ಸಲಹೆ ತಿರುಗುಮುರುಗಾಗುತ್ತದೆ: ವಾರ ಹತ್ತು ದಿನ ಮೊದಲೇ ಹೋಗಿ, ಮೊದಲೆರಡು ದಿನ ಸುಮ್ಮನಿದ್ದು, ಆಮೇಲೆ ಊರನ್ನು ನಿಧಾನವಾಗಿ ಸುತ್ತಿ, ಕೊನೆಯಲ್ಲಿ ಓಡಿ.

ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು; ಎರಡು ದಿನದ ಬಿಸಿಲ ತಿರುಗಾಟ ದೇಹವನ್ನು ಒಗ್ಗಿಸುವುದಿಲ್ಲ, ಬಳಲಿಸುತ್ತದೆ ಅಷ್ಟೆ. ಅಷ್ಟು ದಿನ ಇಲ್ಲದವರು ವೇಗವನ್ನು ಇಳಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಆದರೆ ಸೆಕೆಗೆ ಹೆದರಿ ಹಿಂದಿನ ದಿನದಿಂದಲೇ ಬಾಟಲಿಗಟ್ಟಲೆ ನೀರು ಸುರಿದುಕೊಳ್ಳುವುದು ಇನ್ನೊಂದು ಅತಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೊಳಗಾದ 488 ಓಟಗಾರರ ಪೈಕಿ ಶೇ 13ರಷ್ಟು ಜನರಲ್ಲಿ ಸೋಡಿಯಂ ಅಂಶ ಇರಬೇಕಾದ್ದಕ್ಕಿಂತ ಕೆಳಗಿಳಿದಿತ್ತು, ಮತ್ತು ಓಟದುದ್ದಕ್ಕೂ ನೀರು ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲೇ ಇದರ ಸಾಧ್ಯತೆ ಎದ್ದು ಕಂಡಿತು. ಬಾಯಾರಿದಾಗ ಕುಡಿಯಿರಿ, ಓಟ ಮುಗಿದಾಗ ತೂಕ ಹೊರಟಾಗಿನದಕ್ಕಿಂತ ಹೆಚ್ಚಿರಬಾರದು.

ಈಗ ಓಟದ ನಂತರದ ಮಾತು. ಪದಕ ಕೊರಳಿಗೆ ಬಿದ್ದ ಮೇಲೆ ಇನ್ನೇನು ಕಟ್ಟುಪಾಡು ಎಂದು ಮರುದಿನವೇ ಕೋಟೆ ಹತ್ತುವ ಯೋಜನೆ ಹಾಕುವವರು ಹೆಚ್ಚು. ಹತ್ತುವುದು ಹೇಗೋ ಆಗುತ್ತದೆ, ಫಜೀತಿಯಾಗುವುದು ಇಳಿಯುವಾಗ. ಸ್ನಾಯುನೋವು ಓಟದ ಮರುದಿನಕ್ಕಿಂತ ಅದರ ಮಾರನೆಯ ದಿನ ಉಲ್ಬಣಿಸುವುದೇ ಹೆಚ್ಚು. ಆ ಸ್ಥಿತಿಯಲ್ಲಿ ತೊಡೆಗಳು ಭಾರ ತಡೆಯಲು ನಿರಾಕರಿಸುತ್ತವೆ. ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಅಡ್ಡಡ್ಡವಾಗಿ, ಒಂದೊಂದೇ ಮೆಟ್ಟಿಲು ಇಳಿಯುವ ಓಟಗಾರರನ್ನು ಮ್ಯಾರಥಾನ್ ನಡೆದ ಊರಿನ ಯಾವುದೇ ರೈಲು ನಿಲ್ದಾಣದಲ್ಲಿ ನೋಡಬಹುದು. ಜಾರಿ ಪಾದ ಉಳುಕಿಸಿಕೊಳ್ಳುವುದು ಇಂಥ ಹೊತ್ತಿನಲ್ಲೇ. ಓಟದ ನಂತರದ ಮೂರು ದಿನಗಳಿಗೆ ಸಮತಟ್ಟಾದ ಜಾಗಗಳನ್ನು ಆರಿಸಿಕೊಳ್ಳಿ: ಉದ್ಯಾನ, ನದೀತೀರ, ಮತ್ತು ಹಿಂದೆ ಬಿಟ್ಟಿದ್ದ ವಸ್ತುಸಂಗ್ರಹಾಲಯ. ಮೆಟ್ಟಿಲು, ಬೆಟ್ಟ, ಚಾರಣ ನಾಲ್ಕನೇ ದಿನದಾಚೆಗಿರಲಿ. ಕಡಲತೀರದ ಊರುಗಳಲ್ಲಿ ಸ್ಕೂಬಾ ಡೈವಿಂಗ್ ಆಸೆಯಿದ್ದರೆ ಅದನ್ನು ಓಟದ ಆಸುಪಾಸಿಗೆ ತರಬೇಡಿ. ಕಠಿಣ ಪರಿಶ್ರಮ ಮತ್ತು ನಿರ್ಜಲೀಕರಣ ಎರಡೂ ಡೈವಿಂಗ್‌ಗೆ ಒಗ್ಗದವು, ಮತ್ತು ಹಲವು ಬಾರಿ ಮುಳುಗಿದವರು ವಿಮಾನ ಹತ್ತುವ ಮುನ್ನ ಕನಿಷ್ಠ 18 ಗಂಟೆ ಕಾಯಬೇಕು.

ನಾನು ಅತಿ ಹೆಚ್ಚು ಒತ್ತಿ ಹೇಳುವುದು ಮರಳುವ ಪ್ರಯಾಣದ ಬಗ್ಗೆ. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ವಿಮಾನ, ಬಸ್ಸು ಅಥವಾ ಕಾರಿನಲ್ಲಿ ಕದಲದೆ ಕುಳಿತರೆ ಕಾಲಿನ ಆಳದ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಸಂಭವ ಯಾರಿಗಾದರೂ ಹೆಚ್ಚುತ್ತದೆ. ಅದೇ ಬೆಳಿಗ್ಗೆ ಮ್ಯಾರಥಾನ್ ಓಡಿ, ನೀರಿನಂಶ ಕಳೆದುಕೊಂಡು, ಮೀನಖಂಡದ ತುಂಬ ಸಣ್ಣಪುಟ್ಟ ಗಾಯ ಹೊತ್ತು, ಕಿಟಕಿ ಪಕ್ಕದ ಸೀಟಿನಲ್ಲಿ ನಿದ್ದೆಹೋದವರಿಗೆ ಇನ್ನೊಂದು ತೊಡಕಿದೆ: ಹೆಪ್ಪುಗಟ್ಟಿದ ನೋವನ್ನು ಅವರು ಓಟದ ನೋವೆಂದೇ ತಿಳಿಯುತ್ತಾರೆ. ಓಟದ ನೋವು ಸಾಮಾನ್ಯವಾಗಿ ಎರಡೂ ಕಾಲಿನಲ್ಲಿರುತ್ತದೆ, ದಿನದಿಂದ ದಿನಕ್ಕೆ ಇಳಿಯುತ್ತದೆ. ಒಂದೇ ಕಾಲು ಊದಿಕೊಂಡು ಬೆಚ್ಚಗಾಗಿದ್ದರೆ, ನೋವು ಏರುತ್ತಲೇ ಹೋದರೆ, ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸಾಧ್ಯವಾದರೆ ಓಟದ ದಿನವೇ ಹೊರಡಬೇಡಿ; ಹೊರಡಲೇಬೇಕಾದರೆ ಓಡಾಡಲು ಅನುಕೂಲವಾದ ಸೀಟು ಕೇಳಿ ಪಡೆದು, ಗಂಟೆಗೊಮ್ಮೆ ಎದ್ದು ನಡೆಯಿರಿ. ಪ್ರಯಾಣ ಸುಖವಾಗಲೆಂದು ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆ ನುಂಗುವ ಅಭ್ಯಾಸವೂ ಬೇಡ. ನೀರಿನಂಶ ಕಡಿಮೆಯಾಗಿರುವ ಮೂತ್ರಪಿಂಡಕ್ಕೆ ಅದು ಹೊರೆ. ಮೂತ್ರ ಕಡುಗಂದು ಬಣ್ಣಕ್ಕೆ ತಿರುಗಿದರೆ ಅದೂ ಆಸ್ಪತ್ರೆಗೆ ಹೋಗಬೇಕಾದ ಸೂಚನೆಯೇ.

ಒಂದೇ ಪ್ರವಾಸದಲ್ಲಿ ಎರಡು ಮ್ಯಾರಥಾನ್ ಓಡುವ ಉಮೇದೂ ಈಗ ಅಪರೂಪವಲ್ಲ. ದೇಶದ ಎಲ್ಲ ರಾಜ್ಯಗಳಲ್ಲೂ ಓಡಿ ಮುಗಿಸುವ ಹಟ ತೊಟ್ಟವರಿಗೆ ವಾರದ ಅಂತರದ ಜೋಡಿ ಓಟಗಳು ಅನುಕೂಲವಾಗಿ ಕಾಣುತ್ತವೆ. ಸ್ನಾಯುನೋವು ನಾಲ್ಕೈದು ದಿನಗಳಲ್ಲಿ ಮಾಯವಾಗುತ್ತದೆ, ಆದರೆ ಒಳಗಿನ ಎಳೆಗಳು ಕೂಡಿಕೊಳ್ಳಲು ಅದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ, ಮತ್ತು ಈ ಅಂತರವನ್ನು ಓಟಗಾರನಿಗೆ ತಿಳಿಸುವ ಯಾವ ನೋವೂ ಇರುವುದಿಲ್ಲ. ಆದ್ದರಿಂದ ಅಂಥವರಿಗೆ ನಾನು ಹೇಳುವುದಿಷ್ಟು: ಮೊದಲನೆಯದನ್ನು ಮಾತಾಡುತ್ತ ಓಡಬಹುದಾದ ವೇಗದಲ್ಲಿ ಮುಗಿಸಿ, ಎರಡನೆಯದಕ್ಕೆ ಅರ್ಧ ಮ್ಯಾರಥಾನ್‌ಗಷ್ಟೇ ಹೆಸರು ನೋಂದಾಯಿಸಿ. ಪೂರ್ಣ ದೂರಕ್ಕೇ ನೋಂದಾಯಿಸುವುದಾದರೆ, ಅದನ್ನು ಅರ್ಧಕ್ಕೆ ಬದಲಿಸಲು ಸಂಘಟಕರು ಅವಕಾಶ ಕೊಡುತ್ತಾರೆಯೇ, ಕೊಟ್ಟರೆ ಅದರ ಗಡುವು ಎಂದಿಗೆ ಮುಗಿಯುತ್ತದೆ ಎಂಬುದನ್ನು ಪ್ರಯಾಣದ ಟಿಕೆಟ್ ಕಾಯ್ದಿರಿಸುವ ಮೊದಲೇ ವಿಚಾರಿಸಿಟ್ಟುಕೊಳ್ಳಿ.