ಮದುವೆ ಮಾಡಿದರೆ ಕುಡಿತ ಬಿಡುತ್ತಾನೆಯೇ?

ಕುಡಿತದ ಚಟಕ್ಕೆ ಸಿಲುಕಿದ ಮಗನನ್ನು ಕರೆತರುವ ತಂದೆತಾಯಿಯರು, ಚಿಕಿತ್ಸೆಯ ಮಾತೆಲ್ಲ ಮುಗಿದ ಮೇಲೆ, ಹೊರಡುವ ಮುನ್ನ ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: 'ಡಾಕ್ಟ್ರೇ, ಒಂದು ಮದುವೆ ಅಂತ ಮಾಡಿಬಿಟ್ರೆ ಸರಿಹೋಗ್ತಾನಲ್ವಾ?' ಹೆಂಡತಿ ಮಕ್ಕಳು ಎಂದಾದರೆ ಜವಾಬ್ದಾರಿ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಓದಿದವರ ಮನೆಗಳಲ್ಲೂ ಗಟ್ಟಿಯಾಗಿ ಕೂತಿದೆ. ಮನೋವೈದ್ಯನಾಗಿ ನಾನು ಕೊಡುವ ಉತ್ತರ 'ಈಗ ಬೇಡ' ಎಂಬುದು. ಅದಕ್ಕೆ ವೃತ್ತಿಯ ಅನುಭವದ ಆಧಾರವಿದೆ. ಅದರ ಜೊತೆಗೆ, ಉತ್ತರ ಅಮೆರಿಕದ ಹುಲ್ಲುಗಾವಲುಗಳಲ್ಲಿ ವಾಸಿಸುವ ಪ್ರೇರಿ ವೋಲ್ ಎಂಬ, ಇಲಿಯಂಥ ಪುಟ್ಟ ದಂಶಕದ ಮಿದುಳಿನ ಕುರಿತು ನಡೆದಿರುವ ಅಧ್ಯಯನಗಳೂ ಈ ಪ್ರಶ್ನೆಯ ಮೇಲೆ ಬೆಳಕು ಚೆಲ್ಲುತ್ತವೆ.

ಇಲಿನಾಯ್ ವಿಶ್ವವಿದ್ಯಾಲಯದ ಲೋವೆಲ್ ಗೆಟ್ಜ್ ಅವರು 1970ರ ದಶಕದಲ್ಲಿ ಬೋನುಗಳನ್ನಿಟ್ಟು ಈ ಪ್ರಾಣಿಗಳ ಎಣಿಕೆ ನಡೆಸುತ್ತಿದ್ದಾಗ, ಅದೇ ಗಂಡು ಮತ್ತು ಅದೇ ಹೆಣ್ಣು ಪದೇ ಪದೇ ಒಟ್ಟಿಗೆ ಸಿಕ್ಕಿಬೀಳುತ್ತಿದ್ದುದನ್ನು ಗಮನಿಸಿದರು. ಸ್ತನಿಗಳಲ್ಲಿ ಇಂಥ ಜೋಡಿಜೀವನ ವಿರಳ. ಪ್ರೇರಿ ವೋಲ್‌ನ ಹತ್ತಿರದ ಬಂಧುಗಳಾದ ಮೆಡೋ ವೋಲ್ ಮತ್ತು ಮೌಂಟನ್ ವೋಲ್‌ಗಳಲ್ಲಿಯೂ ಅದು ಕಾಣುವುದಿಲ್ಲ. ಅವುಗಳಲ್ಲಿ ಗಂಡು ಕೂಡಿ ಹೊರಟುಹೋಗುತ್ತದೆ. ಪ್ರೇರಿ ವೋಲ್‌ನ ಗಂಡು ಮಾತ್ರ ಗೂಡಿನಲ್ಲಿ ಉಳಿದು ಮರಿಗಳನ್ನು ನೆಕ್ಕಿ, ಬೆಚ್ಚಗಿರಿಸಿ ಸಾಕುತ್ತದೆ. ಇದನ್ನು ಪಾತಿವ್ರತ್ಯವೆಂದು ತಿಳಿಯಬಾರದು. ಬೇರೆ ಗಂಡಿಗೆ ಹುಟ್ಟಿದ ಮರಿಗಳೂ ಗೂಡಿನಲ್ಲಿ ಇರುವುದುಂಟೆಂದು ವಂಶವಾಹಿ ಪರೀಕ್ಷೆಗಳು ತೋರಿಸಿವೆ. ಇಲ್ಲಿ ಬಾಂಧವ್ಯವೆಂದರೆ ಒಂದು ನಿರ್ದಿಷ್ಟ ಜೀವದ ಬಳಿಯಲ್ಲೇ ಇರಬೇಕೆಂಬ ಹಂಬಲ, ಅಷ್ಟೆ.

ಆ ಹಂಬಲವನ್ನು ಅಳೆಯುವ ವಿಧಾನ ಸರಳವಾಗಿದೆ. ಮೂರು ಕೋಣೆಗಳ ಪೆಟ್ಟಿಗೆಯೊಂದರ ಒಂದು ತುದಿಯಲ್ಲಿ ಸಂಗಾತಿಯನ್ನೂ ಇನ್ನೊಂದು ತುದಿಯಲ್ಲಿ ಅಪರಿಚಿತ ಪ್ರಾಣಿಯನ್ನೂ ಸಣ್ಣ ದಾರದಿಂದ ಕಟ್ಟಿ, ಪರೀಕ್ಷೆಗೊಳಗಾಗುವ ವೋಲನ್ನು ನಡುವಿನ ಕೋಣೆಯಲ್ಲಿ ಬಿಡುತ್ತಾರೆ. ಮೂರು ಗಂಟೆಗಳ ಕಾಲ ಅದು ಎಲ್ಲಿ ಬೇಕಾದರೂ ಓಡಾಡಬಹುದು. ಒಂದು ದಿನ ಜೊತೆಗಿದ್ದು ಕೂಡಿದ ಜೋಡಿಯಾದರೆ, ಅದು ಎರಡೂ ಕಡೆ ಮೂಸಿ ನೋಡಿ, ಕೊನೆಗೆ ಸಂಗಾತಿಯ ಮೈಗೆ ಮೈಯೊತ್ತಿ ಮುದುಡಿ ಕುಳಿತುಬಿಡುತ್ತದೆ. ಹೀಗೆ ಕುಳಿತ ಸಮಯವೇ ಬಾಂಧವ್ಯದ ಅಳತೆ.

ಹಾಗೆ ಕೂರಿಸುವ ರಾಸಾಯನಿಕಗಳೆಂದು ಆಕ್ಸಿಟೋಸಿನ್ ಮತ್ತು ವಾಸೋಪ್ರೆಸಿನ್‌ಗಳು ಹೆಸರು ಮಾಡಿವೆ. ಆದರೆ ಆಕ್ಸಿಟೋಸಿನ್ ರಿಸೆಪ್ಟರ್ (ಆ ರಾಸಾಯನಿಕದ ಸಂದೇಶವನ್ನು ಹಿಡಿಯುವ ಜೀವಕೋಶದ ಗ್ರಾಹಕ) ಇಲ್ಲದಂತೆ ವಂಶವಾಹಿಯನ್ನು ತಿದ್ದಿದ ವೋಲ್‌ಗಳೂ ಜೋಡಿಯಾಗುತ್ತವೆ ಎಂದು 2023ರಲ್ಲಿ ತಿಳಿದುಬಂದ ಮೇಲೆ, 'ಪ್ರೀತಿಯ ಹಾರ್ಮೋನ್' ಎಂಬ ಮಾತನ್ನು ಎಚ್ಚರದಿಂದ ಬಳಸಬೇಕಾಗಿದೆ. ನಮ್ಮ ಪ್ರಶ್ನೆಗೆ ಹೆಚ್ಚು ಮುಖ್ಯವಾದುದು ಡೋಪಮೈನ್ ಎಂಬ, ಬಯಕೆ ಹುಟ್ಟಿಸುವ ಮಿದುಳಿನ ರಾಸಾಯನಿಕ. ಮಿದುಳಿನ ಆಳದಲ್ಲಿರುವ ನ್ಯೂಕ್ಲಿಯಸ್ ಅಕ್ಯೂಂಬೆನ್ಸ್ ಎಂಬ ಭಾಗದಲ್ಲಿ ಅದು ಡಿ1, ಡಿ2 ಎಂಬ ಎರಡು ಬಗೆಯ ರಿಸೆಪ್ಟರ್‌ಗಳ ಮೂಲಕ ಕೆಲಸ ಮಾಡುತ್ತದೆ. ಅಲ್ಲಿ ಡಿ2 ಅನ್ನು ತಡೆದರೆ ಕೂಡಿದ ಜೋಡಿಯಲ್ಲೂ ಬಾಂಧವ್ಯ ಮೂಡುವುದಿಲ್ಲ. ಅದನ್ನೇ ಉದ್ದೀಪಿಸಿದರೆ ಕೂಡದೆಯೂ ಮೂಡುತ್ತದೆ. ಡಿ1 ಇದಕ್ಕೆ ವಿರುದ್ಧವಾಗಿ ಹೊಸ ಬಾಂಧವ್ಯವನ್ನು ತಡೆಯುತ್ತದೆ. ಜೋಡಿಯಾಗಿ ಎರಡು ವಾರ ಕಳೆದ ಗಂಡಿನಲ್ಲಿ ಡಿ1 ಹೆಚ್ಚಾಗುತ್ತದೆ, ಆಗ ಅದು ಹತ್ತಿರ ಬರುವ ಹೊಸ ಹೆಣ್ಣುಗಳನ್ನು ಓಡಿಸುತ್ತದೆ. ಕಟ್ಟಿದ ಬಾಂಧವ್ಯವನ್ನು ಕಾಯುವ ವ್ಯವಸ್ಥೆಯಿದು.

ಮಾದಕ ವಸ್ತುಗಳು ಕೈಹಾಕುವುದೂ ಇದೇ ಜಾಗಕ್ಕೆ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಝುವೋಷಿನ್ ವಾಂಗ್ ಅವರ ತಂಡ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ದಿನ ಆಂಫೆಟಮಿನ್ ಎಂಬ ಉತ್ತೇಜಕ ಮಾದಕ ವಸ್ತು ಪಡೆದ ಗಂಡು ವೋಲ್‌ಗಳು ಆಮೇಲೆ ಹೆಣ್ಣಿನೊಂದಿಗೆ ಕೂಡಿದರೂ ಸಂಗಾತಿಯೆಡೆಗೆ ಒಲವು ಬೆಳೆಸಿಕೊಳ್ಳಲಿಲ್ಲ. ಅವುಗಳ ಡಿ1 ಮೊದಲೇ ಹೆಚ್ಚಾಗಿತ್ತು. ಅಂದರೆ ಜೋಡಿ ಸಿಗುವ ಮುನ್ನವೇ ಹೊಸಬರನ್ನು ದೂರವಿಡುವ ಸ್ಥಿತಿಗೆ ಮಿದುಳು ತಲುಪಿಬಿಟ್ಟಿತ್ತು. ಅದೇ ತಂಡ ಮರುವರ್ಷ ಪ್ರಯೋಗದ ಅನುಕ್ರಮವನ್ನು ತಿರುಗಿಸಿತು. ಮೊದಲೇ ಜೋಡಿಯಾಗಿದ್ದ ಗಂಡುಗಳಿಗೆ ಆಂಫೆಟಮಿನ್ ಕೊಟ್ಟಾಗ, ಒಂಟಿ ಗಂಡುಗಳಂತೆ ಅವು ಮದ್ದು ಸಿಕ್ಕ ಕೋಣೆಗೆ ಮರಳಲು ಹಾತೊರೆಯಲಿಲ್ಲ. ಬಾಂಧವ್ಯ ಮೊದಲು ಬಂದರೆ ಅದು ಚಟದಿಂದ ಒಂದಷ್ಟು ಕಾಪಾಡುತ್ತದೆ, ಚಟ ಮೊದಲು ಬಂದರೆ ಅದು ಬಾಂಧವ್ಯಕ್ಕೇ ಅಡ್ಡ ಬರುತ್ತದೆ. ಮೇಲಿನ ತಂದೆತಾಯಿಯರ ಪ್ರಶ್ನೆಗೆ ಇಷ್ಟು ನೇರವಾಗಿ ತಾಗುವ ಪ್ರಯೋಗಗಳು ನನಗೆ ತಿಳಿದಂತೆ ಹೆಚ್ಚಿಲ್ಲ.

ಮದ್ಯದ ಮಾತೂ ಇದೆ. ಪ್ರೇರಿ ವೋಲ್‌ಗಳು ನೀರಿನ ಪಕ್ಕದಲ್ಲಿ ಮದ್ಯವಿಟ್ಟರೆ ತಾವಾಗಿಯೇ ಕುಡಿಯುತ್ತವೆ. ಓರೆಗಾನ್ ಹೆಲ್ತ್ ಅಂಡ್ ಸೈನ್ಸ್ ವಿಶ್ವವಿದ್ಯಾಲಯದ ಆಂಡ್ರೆ ರ್‍ಯಾಬಿನಿನ್ ಅವರ ತಂಡ 2014ರಲ್ಲಿ ತಿಳಿಸಿದಂತೆ, ಸಹವಾಸದ ಹೊತ್ತಿನಲ್ಲಿ ಮದ್ಯ ಕುಡಿದ ಗಂಡುಗಳಲ್ಲಿ ಸಂಗಾತಿಯೊಲವು ಕುಗ್ಗಿತು, ಹೆಣ್ಣುಗಳಲ್ಲಿ ಹೆಚ್ಚಿತು. ಕುಡುಕ ಗಂಡನನ್ನು ಬಿಟ್ಟುಬರಲಾಗದ ಹೆಣ್ಣುಮಕ್ಕಳ ಸಂಕಟವನ್ನು ಈ ಫಲಿತಾಂಶದಿಂದ ವಿವರಿಸಲು ಹೊರಡುವುದು ತಪ್ಪು. ಅಲ್ಲಿ ಹಣ, ಮಕ್ಕಳು, ತವರಿನ ಒತ್ತಡ ಎಲ್ಲವೂ ಇರುತ್ತವೆ. ಮನುಷ್ಯರು ವೋಲ್‌ಗಳಲ್ಲ, ಮದುವೆ ಮೂರು ಕೋಣೆಗಳ ಪೆಟ್ಟಿಗೆಯೂ ಅಲ್ಲ. ಆದರೂ 'ಅವನಿಗೆ ನಮ್ಮ ಮೇಲೆ ಪ್ರೀತಿಯೇ ಇಲ್ಲ' ಎಂದು ಅಳುವ ಹೆಂಡತಿಗೆ, ಒಲವನ್ನು ಬೆಸೆಯಬೇಕಾದ ಮಿದುಳಿನ ಭಾಗವನ್ನೇ ಮದ್ಯ ಹಿಡಿದುಕೊಂಡಿದೆ ಎಂದು ನಾನು ಬಿಡಿಸಿ ಹೇಳುತ್ತೇನೆ. ಅದರಿಂದ ಗಂಡನ ತಪ್ಪು ಮಾಫಿಯಾಗುವುದಿಲ್ಲ. ತನ್ನಲ್ಲೇ ಏನೋ ಕೊರತೆಯಿದೆ ಎಂಬ ಆಕೆಯ ಅಳುಕಾದರೂ ಕಡಿಮೆಯಾಗಬೇಕು.

ಮದುವೆಯ ದಿನ ಗೊತ್ತಾದ ಮೇಲೆ ಮನೆಯವರ ಒತ್ತಾಯಕ್ಕೆ ಹುಡುಗ ಒಮ್ಮೆಲೇ ಕುಡಿತ ನಿಲ್ಲಿಸುವುದುಂಟು. ದಿನವೂ ಹೆಚ್ಚು ಕುಡಿಯುವವರು ವೈದ್ಯರ ನಿಗಾ ಇಲ್ಲದೆ ಹಾಗೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಆಮೇಲೆ ಸನ್ನಿಯೂ ಹಿಡಿಯಬಹುದು. ಅದು ಪ್ರಾಣಕ್ಕೇ ಅಪಾಯ. ಕುಡಿತ ಬಿಟ್ಟು ಹನ್ನೆರಡು ತಿಂಗಳು ದಾಟಿದ ಮೇಲಷ್ಟೇ ನಮ್ಮ ವೈದ್ಯಶಾಸ್ತ್ರ ಅದನ್ನು ಸ್ಥಿರವಾದ ಚೇತರಿಕೆಯೆಂದು ಕರೆಯುತ್ತದೆ. ಹೆಣ್ಣು ನೋಡಲು ಹೊರಡುವ ಮಾತನ್ನು ಅಲ್ಲಿಯವರೆಗೆ ಮುಂದೂಡಿ ಎಂದು ಕೇಳಿಕೊಳ್ಳುತ್ತೇನೆ. ಆಮೇಲೂ ವಿಷಯವನ್ನು ಮುಚ್ಚಿಡದೆ, ಮಾತುಕತೆಗೆ ಮೊದಲು ಹುಡುಗನೇ ಹುಡುಗಿಗೆ ತಿಳಿಸಬೇಕು. ಬೇಕಿದ್ದರೆ ಇಬ್ಬರೂ ನನ್ನ ಕೋಣೆಯಲ್ಲೇ ಕುಳಿತು ಮಾತನಾಡಬಹುದು. ಎಲ್ಲವನ್ನೂ ಕೇಳಿದ ಮೇಲೆ ಆಕೆ ಬೇಡವೆಂದರೆ ಅದನ್ನು ಒಪ್ಪಿಕೊಳ್ಳಬೇಕೆಂದು ಹುಡುಗನ ತಂದೆತಾಯಿಗೆ ಮೊದಲೇ ಹೇಳಿರುತ್ತೇನೆ.