ಮೂಕಿ ಹಾಸ್ಯಚಿತ್ರಗಳಲ್ಲಿ ಎಲ್ಲರೂ ಹಾಗೆ ಓಡುವುದೇಕೆ?

ಪ್ರಶ್ನೆ: ಚಾಪ್ಲಿನ್ ಕಾಲದ ಚಿತ್ರಗಳಲ್ಲಿ ಜನರು ಕೀಲಿ ಕೊಟ್ಟ ಬೊಂಬೆಗಳಂತೆ ಪಟಪಟನೆ ನಡೆಯುತ್ತಾರೆ. ಆಗಿನ ಕ್ಯಾಮೆರಾಗಳು ಅಷ್ಟು ಕೆಟ್ಟದಾಗಿದ್ದವೇ?

ಉತ್ತರ: ಈ ಪ್ರಶ್ನೆಗೆ ಎಷ್ಟು ಬಾರಿ ಉತ್ತರಿಸಿದ್ದೇನೆಂದು ಲೆಕ್ಕವಿಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಕ್ಯಾಮೆರಾ ಕೆಟ್ಟಿರಲಿಲ್ಲ. ಅದರ ಹಿಡಿಯನ್ನು ಕೈಯಿಂದ ತಿರುಗಿಸುತ್ತಿದ್ದರು. ಒಂದು ಸುತ್ತಿಗೆ ಎಂಟು ಚೌಕಟ್ಟುಗಳಂತೆ (ಚೌಕಟ್ಟೆಂದರೆ ರೀಲಿನ ಒಂದು ಸ್ಥಿರಚಿತ್ರ), ಸೆಕೆಂಡಿಗೆ ಎರಡು ಸುತ್ತಾದರೆ 16 ಚೌಕಟ್ಟುಗಳು. 1920ರ ದಶಕದ ಕೊನೆಯಲ್ಲಿ ಚಿತ್ರಗಳಿಗೆ ಮಾತು ಬಂದಾಗ ವೇಗವು ಸೆಕೆಂಡಿಗೆ 24 ಚೌಕಟ್ಟುಗಳಿಗೆ ನಿಂತಿತು, ಏಕೆಂದರೆ ರೀಲಿನ ಓಟ ಹೆಚ್ಚುಕಡಿಮೆಯಾದರೆ ನಟರ ದನಿಯೇ ಬದಲಾಗಿಬಿಡುತ್ತದೆ. ಹೀಗಾಗಿ 16ರಲ್ಲಿ ತೆಗೆದ ಒಂದು ನಿಮಿಷದ ನಡಿಗೆ 24ರಲ್ಲಿ 40 ಸೆಕೆಂಡಿಗೆ ಮುಗಿಯುತ್ತದೆ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಮತ್ತು ಇಲ್ಲಿಗೇ ನಿಲ್ಲಿಸಿ ದಾರಿ ತಪ್ಪಿಸುತ್ತಾರೆ. ಅಂದಿನ ಪ್ರೇಕ್ಷಕರು ಸಹಜ ನಡಿಗೆಯನ್ನೇ ಕಂಡಿದ್ದರು, ಆ ಅವಸರವೆಲ್ಲ ನಮ್ಮ ಟೀವಿಯವರ ಕೊಡುಗೆ ಎಂಬ ನಂಬಿಕೆ ಈ ಅರೆವಿವರಣೆಯಿಂದಲೇ ಹುಟ್ಟಿದ್ದು. ಅದು ಸುಳ್ಳು. ಚಿತ್ರಮಂದಿರಗಳು ರೀಲನ್ನು ತೆಗೆದ ವೇಗಕ್ಕಿಂತ ಜೋರಾಗಿಯೇ ಓಡಿಸುವುದು ವಾಡಿಕೆಯಾಗಿತ್ತು. ಅದನ್ನು ಬಲ್ಲ ಹಾಸ್ಯಚಿತ್ರದವರು ಬೆನ್ನಟ್ಟುವ ದೃಶ್ಯಗಳಲ್ಲಿ ಹಿಡಿಯನ್ನು ಬೇಕೆಂದೇ ಇನ್ನಷ್ಟು ನಿಧಾನವಾಗಿ ತಿರುಗಿಸುತ್ತಿದ್ದರು. ಹಾಸ್ಯಚಿತ್ರಗಳ ನಿರ್ಮಾಪಕ ಮ್ಯಾಕ್ ಸೆನೆಟ್ 1912ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆಸತೊಡಗಿದ ಕೀಸ್ಟೋನ್ ಸ್ಟುಡಿಯೋದ ಎಡವಟ್ಟು ಪೊಲೀಸರ ದಂಡು ಬದುಕಿದ್ದೇ ಈ ವೇಗದ ಮೇಲೆ. 1914ರಲ್ಲಿ ಚಾಪ್ಲಿನ್ನನ ಅಲೆಮಾರಿ ಮೊದಲು ತೆರೆಗೆ ಬಂದದ್ದೂ ಅಲ್ಲಿಂದಲೇ. ನಟರು ಈ ಲೆಕ್ಕವನ್ನು ಅರಿತು ಒದೆತವನ್ನೂ ಬೀಳುವಿಕೆಯನ್ನೂ ಅಳೆದು ಆಡುತ್ತಿದ್ದರು. ಅಂಥ ಒದೆತವನ್ನು 'ಸರಿಪಡಿಸಿ' ನಿಧಾನಗೊಳಿಸಿದರೆ ಏನು ಉಳಿಯುತ್ತದೆ? ಒಬ್ಬ ಮನುಷ್ಯ ಇನ್ನೊಬ್ಬನಿಗೆ ನಿಜಕ್ಕೂ ನೋವು ಮಾಡುತ್ತಿರುವಂತೆ ಕಾಣುತ್ತದೆ, ನಗು ಬರುವುದಿಲ್ಲ.

ಇನ್ನೂ ಸಂಶಯವಿದ್ದವರು 1936ರ 'ಮಾಡರ್ನ್ ಟೈಮ್ಸ್' ನೋಡಬೇಕು. ಆ ಹೊತ್ತಿಗೆ 24ರ ವೇಗ ಎಲ್ಲೆಡೆ ನೆಲೆಯೂರಿತ್ತು. ಆದರೂ ಚಾಪ್ಲಿನ್ ಬಹುಭಾಗವನ್ನು 18ರಲ್ಲಿ ತೆಗೆದು 24ರಲ್ಲಿ ತೋರಿಸಿದ. ಇದಕ್ಕೂ ಹಳೆಯ ಕ್ಯಾಮೆರಾವನ್ನು ದೂರುವಿರಾ?

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇದೆ: ಚಾಪ್ಲಿನ್ನನ ಆ ಕಾಸಿಲ್ಲದ ಅಲೆಮಾರಿ, ಏನೂ ಮಾಡದಿದ್ದಾಗಲೂ, ಪೊಲೀಸನನ್ನು ಕಂಡೊಡನೆ ಕಾಲಿಗೆ ಬುದ್ಧಿ ಹೇಳುವುದೇಕೆ? ಅಂದಿನ ಅಮೆರಿಕದ ಅನೇಕ ಊರುಗಳಲ್ಲಿ ಕೆಲಸವಿಲ್ಲದೆ, ಕೈಯಲ್ಲಿ ಹಣವಿಲ್ಲದೆ ತಿರುಗುವುದೇ ಅಪರಾಧವಾಗಿತ್ತು. ಫ್ಲಾರಿಡಾದ ಜ್ಯಾಕ್ಸನ್‌ವಿಲ್ ನಗರದ ಅಂಥ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು ರದ್ದುಪಡಿಸಿದ್ದು 1972ರಲ್ಲಿ. ಆದ್ದರಿಂದ ಆ ಓಟದಲ್ಲಿ ಕ್ಯಾಮೆರಾದ ಕೈಚಳಕವಲ್ಲದ ಒಂದು ಪಾಲೂ ಇದೆ. 'ಮಾಡರ್ನ್ ಟೈಮ್ಸ್'ನ ಒಂದೆಡೆಯಂತೂ ಅವನು ಓಡುವುದಿಲ್ಲ: ಹೋಟೆಲಿನಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡು, ಗಾಜಿನಾಚೆ ಹೋಗುತ್ತಿದ್ದ ಪೊಲೀಸನನ್ನು ತಾನೇ ಕರೆದು, ಮತ್ತೆ ಸೆರೆಮನೆ ಸೇರಲೆಂದೇ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ.