ಅನಾನಿಮಸ್ ಎಫ್‌ಟಿಪಿ ಅಂದರೆ ಏನು?

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಸಾಗಿಸಲು ಇರುವ ಹಳೆಯ ಪದ್ಧತಿ ಎಫ್‌ಟಿಪಿ. ಇದರ ಮೊದಲ ಕರಡು 1971ರ ಏಪ್ರಿಲ್‌ನಲ್ಲಿ ಬಂತು. ಬರೆದವರು ಅಭಯ್ ಭೂಷಣ್, ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋಗಿದ್ದವರು. ವೆಬ್ ಆಗಿನ್ನೂ ಹುಟ್ಟಿರಲಿಲ್ಲ.

ಎಫ್‌ಟಿಪಿಯಲ್ಲಿ ಫೈಲ್ ಬೇಕಾದರೆ ಅದನ್ನು ಕೊಡುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ, ನಿಮಗೊಂದು ಖಾತೆ ಇರಬೇಕು. ಆದರೆ ಊರಿಗೆಲ್ಲ ಹಂಚಲೆಂದೇ ಇಟ್ಟ ಫೈಲಿಗೂ ಒಬ್ಬೊಬ್ಬರಿಗೆ ಖಾತೆ ತೆರೆದುಕೊಡುತ್ತಾ ಕೂರೋಕಾಗುತ್ತಾ? ಹಾಗಾಗಿ ಬಂದವರಿಗೆಲ್ಲ ಸೇರಿ ಒಂದೇ ಖಾತೆ ಇಟ್ಟರು. ಅದರ ಹೆಸರೇ 'ಅನಾನಿಮಸ್', ಅಂದರೆ ಹೆಸರಿಲ್ಲದವರು.

ಬಳಸುವುದು ಹೀಗೆ. ಸರ್ವರ್ ನಿಮ್ಮ ಹೆಸರು ಕೇಳಿದಾಗ 'ಅನಾನಿಮಸ್' ಎಂದು ಟೈಪ್ ಮಾಡಬೇಕು. 331 ಎಂಬ ಸಂಖ್ಯೆಯ ಜೊತೆ ಅದು ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿ ನಮ್ಮ ಇಮೇಲ್ ವಿಳಾಸ ಕೊಡುವುದು ರೂಢಿ. ಅದು ನಿಜವೋ ಸುಳ್ಳೋ ಅಂತ ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ, ಸುಮ್ನೆ ಒಂದು ಮರ್ಯಾದೆ ಅಷ್ಟೆ. 230 ಬಂತೆಂದರೆ ಒಳಗೆ ಹೋದ ಹಾಗೆ. ಹಂಚುವ ಫೈಲುಗಳು ಹೆಚ್ಚಾಗಿ 'ಪಬ್' ಅನ್ನುವ ಫೋಲ್ಡರ್‌ನಲ್ಲಿರುತ್ತವೆ. 'ಗೆಟ್' ಎಂದು ಬರೆದು ಫೈಲಿನ ಹೆಸರು ಕೊಟ್ಟರೆ ಇಳಿದುಬರುತ್ತದೆ. ಅದಕ್ಕೆ ಮೊದಲು 'ಬೈನರಿ' (ಫೈಲನ್ನು ಇದ್ದ ಹಾಗೇ ಕಳಿಸು) ಎಂಬ ಆದೇಶ ಕೊಡುವುದನ್ನು ಮರೆಯಬಾರದು. ಟೆಕ್ಸ್ಟ್ ಮೋಡ್‌ನಲ್ಲಿ, ಅಂದರೆ ಫೈಲನ್ನು ಬರೀ ಬರಹ ಎಂದುಕೊಂಡು ಸಾಗಿಸುವಾಗ, ಸಾಲಿನ ಕೊನೆಯ ಗುರುತುಗಳು ಬದಲಾಗಬಹುದು. ಬರೀ ಅಕ್ಷರಗಳಿರುವ ಫೈಲಿಗೆ ಅದರಿಂದ ತೊಂದರೆಯಿಲ್ಲ, ಜಿಪ್ ಫೈಲಾದರೆ ಕೆಟ್ಟೇ ಹೋಗುತ್ತದೆ.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಹೊಸ ಆಪರೇಟಿಂಗ್ ಸಿಸ್ಟಮ್ ಹಂಚಿದ್ದು ಇದೇ ದಾರಿಯಲ್ಲಿ, ಫಿನ್ಲೆಂಡಿನ ವಿಶ್ವವಿದ್ಯಾಲಯಗಳ ಜಾಲವಾದ ಫುನೆಟ್‌ನ ಸರ್ವರ್‌ನಿಂದ. ಅವರಿಗೆ 'ಫ್ರೀಕ್ಸ್' ಎಂಬ ಹೆಸರಿಡುವ ಆಸೆ ಇತ್ತು. ಸರ್ವರ್ ನೋಡಿಕೊಳ್ಳುತ್ತಿದ್ದ ಆರಿ ಲೆಮ್ಕೆ ಫೋಲ್ಡರಿಗೆ 'ಲಿನಕ್ಸ್' ಎಂದು ಹೆಸರಿಟ್ಟುಬಿಟ್ಟರು. ಅದೇ ನಿಂತಿತು.

ಜಾಸ್ತಿ ಜನ ತಪ್ಪು ತಿಳಿಯುವುದು 'ಅನಾನಿಮಸ್' ಎಂಬ ಹೆಸರಿನಿಂದಲೇ. ಅನಾನಿಮಸ್ ಎಂದು ಲಾಗಿನ್ ಆದರೆ ನಮ್ಮ ಗುರುತು ಮುಚ್ಚಿಹೋಗುವುದಿಲ್ಲ. ನಿಮ್ಮ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಸರ್ವರಿಗೆ ಕಾಣುತ್ತದೆ, ಯಾವ ಫೈಲ್ ಯಾವಾಗ ಒಯ್ದಿರಿ ಎಂಬುದು ಸಾಮಾನ್ಯವಾಗಿ ಸರ್ವರಿನ ದಾಖಲೆಯಲ್ಲಿ (ಲಾಗ್) ಉಳಿಯುತ್ತದೆ. ಯಾರು ಎಂದು ಕೇಳದೆ ಬಾಗಿಲು ತೆರೆಯುತ್ತಾರೆ, ಅಷ್ಟೇ. ಒಳಗೂ ಎಲ್ಲ ಕಡೆ ಓಡಾಡುವ ಹಾಗಿಲ್ಲ. ಓದಬಹುದು, ಒಯ್ಯಬಹುದು. ಫೈಲ್ ಹಾಕಲು ಕೆಲವರು 'ಇನ್‌ಕಮಿಂಗ್' ಎಂಬ ಫೋಲ್ಡರ್ ಬಿಟ್ಟಿದ್ದರು. ಕದ್ದ ಸಾಫ್ಟ್‌ವೇರ್ ಹಂಚುವವರು ಅದನ್ನೇ ಗೋದಾಮು ಮಾಡಿಕೊಂಡಾಗ ಅದಕ್ಕೂ ಬೀಗ ಬಿತ್ತು.

ಈಗ ಇದರ ಕಾಲ ಹೆಚ್ಚುಕಡಿಮೆ ಮುಗಿದಿದೆ. ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್‌ನವರ ಯೋಜನೆ 2017ರಲ್ಲಿ ತನ್ನ ಸಾರ್ವಜನಿಕ ಎಫ್‌ಟಿಪಿ ಸೇವೆ ನಿಲ್ಲಿಸಿತು. 2021ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಎಫ್‌ಟಿಪಿ ಬೆಂಬಲ ತೆಗೆದುಹಾಕಿದವು. ಖಾತೆ ಕೇಳದೆ ಫೈಲ್ ಕೊಡುವ ಕೆಲಸವನ್ನು ಈಗ ಬ್ರೌಸರ್‌ಗಳು ಬಳಸುವ ಸುರಕ್ಷಿತ ಪದ್ಧತಿ ಎಚ್‌ಟಿಟಿಪಿಎಸ್ ಮಾಡುತ್ತಿದೆ. ಆದರೂ ಕೆಲವು ಹಳೆಯ ಸರ್ವರ್‌ಗಳು ಉಳಿದಿವೆ. ಅಂಥದ್ದು ಎದುರಾದರೆ ಫೈಲ್‌ಜಿಲ್ಲಾ ಎಂಬ ಎಫ್‌ಟಿಪಿ ಪ್ರೋಗ್ರಾಮಿನಲ್ಲಿ ಲಾಗಿನ್ ಬಗೆ 'ಅನಾನಿಮಸ್' ಎಂದು ಆರಿಸಿಕೊಳ್ಳಿ. ಆದೇಶ ಬರೆದು ಫೈಲ್ ಇಳಿಸುವ ಕರ್ಲ್ ಎಂಬ ಪ್ರೋಗ್ರಾಮ್ ಆದರೆ ಹೇಳದಿದ್ದರೂ ತಾನೇ ಆ ಹೆಸರು ಕಳಿಸುತ್ತದೆ.

ಹಳೆಯ ಎಫ್‌ಟಿಪಿಯಲ್ಲಿ ಎಲ್ಲವೂ ದಾರಿಯಲ್ಲಿ ಇರುವವರಿಗೆ ಓದಲು ಸಿಗುವ ಹಾಗೆ ಬಯಲಾಗಿಯೇ ಹೋಗುತ್ತದೆ. ಏನು ಕೊಟ್ಟರೂ ಸಾಮಾನ್ಯವಾಗಿ ನಡೆಯುವ ಪಾಸ್‌ವರ್ಡನ್ನು ಕದ್ದು ಯಾರಿಗೆ ಏನು ಲಾಭ, ಅಲ್ವಾ? ಭಯ ಇರುವುದು ದಾರಿಯಲ್ಲಿ ಯಾರಾದರೂ ಫೈಲನ್ನೇ ಬದಲಿಸಿಬಿಟ್ಟರೆ ಎಂಬುದಕ್ಕೆ. ಹಾಗಾಗಿ ಫೈಲ್ ಕೊಟ್ಟವರ ಎಚ್‌ಟಿಟಿಪಿಎಸ್ ತಾಣದಲ್ಲಿ ಚೆಕ್‌ಸಮ್ (ಫೈಲಿನಿಂದಲೇ ಲೆಕ್ಕಹಾಕಿದ ಗುರುತಿನ ಸಂಖ್ಯೆ) ಇದ್ದರೆ, ತಾಳೆ ನೋಡಿಯೇ ಫೈಲ್ ತೆರೆಯಿರಿ.